ಐಸ್ ಹಿಡಿದ ಗ್ಲಾಸಿನಲ್ಲಿ ಬಿಯರಿನ ರುಚಿ ಸಿಗುವುದಿಲ್ಲ

ಬಿಯರ್ ಅಂದರೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರಬೇಕು ಅನ್ನುವುದು ಮಂಗಳೂರಿನ ಸೆಕೆ ನಮಗೆ ಕಲಿಸಿದ ಪಾಠ. ಬಾಟಲಿ ಬಿಯರಿಗೆ ಅದು ನಡೆಯುತ್ತದೆ. ಅಲ್ಲೇ ಕುದಿಸಿ, ಅಲ್ಲೇ ಹುದುಗು ಬರಿಸಿ, ಟ್ಯಾಂಕಿನಿಂದ ನೇರ ನಲ್ಲಿಗೆ ಬಿಡುವ ಮೈಕ್ರೋಬ್ರೂವರಿಯ ಬಿಯರಿಗೆ ಇದು ಅನ್ಯಾಯ ಮಾರಾಯ್ರೆ. 2 ಡಿಗ್ರಿಯಲ್ಲಿ ನಾಲಿಗೆ ಮರಗಟ್ಟುತ್ತದೆ, ಪರಿಮಳ ಮೇಲೇಳುವುದಿಲ್ಲ. ಒಳ್ಳೆಯ ಬಿಯರೂ ಕೆಟ್ಟ ಬಿಯರೂ ಒಂದೇ ತರ ಅನಿಸುತ್ತವೆ. ಲಾಭ ಕೆಟ್ಟದ್ದಕ್ಕೆ ಮಾತ್ರ.

ಗೋಧಿ ಬಿಯರ್ 5ರಿಂದ 7 ಡಿಗ್ರಿಯಲ್ಲಿ, ಪೇಲ್ ಏಲ್ ಮತ್ತು ಅದಕ್ಕಿಂತ ಕಹಿಯಾದ ಐಪಿಎ (ಇಂಡಿಯಾ ಪೇಲ್ ಏಲ್) 7ರಿಂದ 10ರಲ್ಲಿ, ಕಪ್ಪು ಬಣ್ಣದ ಸ್ಟೌಟ್ 10ರಿಂದ 13ರಲ್ಲಿ ಚಂದ. ಅದಕ್ಕಿಂತ ತಣ್ಣಗೆ ಕೊಟ್ಟರೆ ಗ್ಲಾಸನ್ನು ಎರಡೂ ಅಂಗೈಯಲ್ಲಿ ಹಿಡಿದು ಐದು ನಿಮಿಷ ಕೂತುಕೊಳ್ಳಿ, ನಮ್ಮ ಸೆಕೆಯೇ ಉಳಿದ ಕೆಲಸ ಮಾಡುತ್ತದೆ. ಫ್ರೀಜರಿನಲ್ಲಿಟ್ಟ ಮಗ್ ಬೇಡವೇ ಬೇಡ ಅನ್ನಿ. ಒಳಗೋಡೆಯ ಹಿಮಕ್ಕೆ ತಾಗಿದ ಕೂಡಲೇ ಗ್ಯಾಸ್ ಹೊರಬಿದ್ದು ನೊರೆ ಉಕ್ಕುತ್ತದೆ, ಆಮೇಲೆ ಹಿಮ ಕರಗಿ ಬಿಯರಿಗೆ ನೀರು ಸೇರುತ್ತದೆ.

ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿ. ಬಿಯರಿನೊಳಗೆ ಗುಳ್ಳೆಗಳು ಗೋಡೆಗೆ ಅಂಟಿಕೊಂಡು ಕೂತಿದ್ದರೆ ಅಲ್ಲಿ ಜಿಡ್ಡು ಉಂಟು ಅಂತ ಅರ್ಥ. ಅಂಜಲ್ ಫ್ರೈಯ ತಟ್ಟೆ ತಿಕ್ಕಿದ ಸ್ಪಂಜಿನಲ್ಲೇ ಗ್ಲಾಸನ್ನೂ ತೊಳೆದರೆ ಹೀಗಾಗುತ್ತದೆ. ಎಣ್ಣೆ ನೊರೆಯನ್ನು ಕೊಲ್ಲುತ್ತದೆ, ಸೋಪಿನ ಪಸೆ ಉಳಿದರೂ ಅದೇ ಕಥೆ. ಗ್ಲಾಸ್ ಬದಲಿಸಿ ಅಂತ ಕೇಳಲು ಸಂಕೋಚ ಬೇಡ. ನಮ್ಮ ತುಟಿಯಲ್ಲಿರುವ ತೆಂಗಿನೆಣ್ಣೆಯೂ ನೊರೆ ಇಳಿಸುತ್ತದೆ, ಹಾಗಾಗಿ ರುಚಿ ನೋಡುವ ಕೆಲಸ ಮೊದಲು, ಮೀನು ಆಮೇಲೆ.

ಹೋದ ಕೂಡಲೇ ಮ್ಯಾಂಗೋ ಬಿಯರ್ ಕೇಳಬೇಡಿ. ಹಣ್ಣಿನ ಸಿರಪ್ ಹತ್ತು ತಪ್ಪು ಮುಚ್ಚುತ್ತದೆ. ತಿಳಿ ಬಣ್ಣದ, ಹಗುರ ರುಚಿಯ ಲಾಗರ್ ಅಥವಾ ಬ್ಲಾಂಡ್ ಇದ್ದರೆ ಅದರಿಂದಲೇ ಶುರುಮಾಡಿ, ಮುಚ್ಚಿಡಲು ಅಲ್ಲಿ ಜಾಗವೇ ಇಲ್ಲ. ಆಮೇಲೆ ಗೋಧಿ, ಪೇಲ್ ಏಲ್, ಐಪಿಎ, ಸ್ಟೌಟ್. 100 ಎಂಎಲ್‌ನ ಗ್ಲಾಸು ನಾಲ್ಕೈದಕ್ಕಿಂತ ಹೆಚ್ಚಾದರೆ ನಾಲಿಗೆ ಸುಸ್ತಾಗುತ್ತದೆ. ನಡುವೆ ನೀರು, ಬೇಕಿದ್ದರೆ ಒಂದು ತುಂಡು ಬ್ರೆಡ್. ಮಸಾಲೆ ಕಡ್ಲೆಯನ್ನು ಆ ಹೊತ್ತಿಗೆ ದೂರವಿಡಿ.

ಜರ್ಮನ್ ಶೈಲಿಯ ಗೋಧಿ ಬಿಯರಿನಲ್ಲಿ ಬಾಳೆಹಣ್ಣು, ಲವಂಗದ ಪರಿಮಳ ಬಂದರೆ ಏನೋ ಎಸೆನ್ಸ್ ಹಾಕಿದ್ದಾರೆ ಅಂದುಕೊಳ್ಳುವವರಿದ್ದಾರೆ. ಇಲ್ಲ, ಎರಡೂ ಯೀಸ್ಟಿನ ಕೆಲಸ. ಹುದುಗು ಬರುವಾಗ ಟ್ಯಾಂಕ್ 17ರಿಂದ 20 ಡಿಗ್ರಿಯ ಆಸುಪಾಸಿನಲ್ಲಿ ನಿಂತರೆ ಎರಡೂ ಸಮ ತೂಗುತ್ತವೆ. ಚಿಲ್ಲರ್ ಕೈಕೊಟ್ಟು ಟ್ಯಾಂಕ್ ಬಿಸಿಯೇರಿದರೆ ಬಾಳೆಹಣ್ಣು ಅತಿಯಾಗಿ, ನೇಲ್ ಪಾಲಿಶ್ ತೆಗೆಯುವ ದ್ರಾವಣದ ಘಾಟಿನ ಕಡೆ ಹೋಗುತ್ತದೆ. ಹೊರಗೆ 33 ಡಿಗ್ರಿ ಇರುವ ನಮ್ಮ ಊರಲ್ಲಿ ಪಾಕವಿಧಾನಕ್ಕಿಂತ ಚಿಲ್ಲರೇ ಮುಖ್ಯ.

ಬೆಣ್ಣೆಯ ವಾಸನೆ ಬಂತೋ, ಪಾಪ್‌ಕಾರ್ನಿನ ನೆನಪಾಯಿತೋ? ಅದು ಡೈಅಸಿಟೈಲ್. ಹುದುಗು ಬರುವಾಗ ಎಲ್ಲ ಬಿಯರಿನಲ್ಲೂ ಹುಟ್ಟುತ್ತದೆ, ಸಮಯ ಕೊಟ್ಟರೆ ಯೀಸ್ಟೇ ಅದನ್ನು ತಿಂದು ಮುಗಿಸುತ್ತದೆ. ಲಾಗರಿನಲ್ಲಿ ಕೊನೆಯ ಎರಡು ಮೂರು ದಿನ ಟ್ಯಾಂಕನ್ನು 16ರಿಂದ 18 ಡಿಗ್ರಿಗೆ ಏರಲು ಬಿಡುವುದು ಇದಕ್ಕೇ. ಶನಿವಾರದ ಗಿರಾಕಿಗಳಿಗೆ ಸಾಲದು ಅಂತ ಅವಸರದಲ್ಲಿ ತಣ್ಣಗೆ ಮಾಡಿದರೆ ಬೆಣ್ಣೆ ಅಲ್ಲೇ ಉಳಿಯಿತು. ಹಸಿರು ಸೇಬಿನ ವಾಸನೆಗೂ ಹೆಚ್ಚಾಗಿ ಇದೇ ಅವಸರ ಕಾರಣ. ಬೆಣ್ಣೆಯ ಜೊತೆ ಹುಳಿಯೂ ಇದ್ದರೆ ಮಾತ್ರ ಲೈನ್, ಅಂದರೆ ಟ್ಯಾಂಕಿನಿಂದ ನಲ್ಲಿಗೆ ಬರುವ ಪೈಪ್ ಮೇಲೆ ಅನುಮಾನ ಪಡಿ. ಟ್ಯಾಂಕಿನ ಸ್ಯಾಂಪಲ್ ನಲ್ಲಿಯಿಂದ ಒಂದು ಗುಟುಕು ಕೇಳಿ. ಅಲ್ಲಿ ಶುದ್ಧ, ಇಲ್ಲಿ ಹುಳಿ ಅಂದರೆ ಪೈಪ್ ತೊಳೆದಿಲ್ಲ. ಎರಡು ವಾರಕ್ಕೊಮ್ಮೆ ಕಾಸ್ಟಿಕ್ ದ್ರಾವಣದಲ್ಲಿ ಲೈನ್ ತೊಳೆಯಲೇಬೇಕು. ತೆಂಗಿನ ಮರದ ಕಳ್ಳಿಗೆ ಯಾರೂ ಯೀಸ್ಟ್ ಹಾಕುವುದಿಲ್ಲ, ಮಡಕೆಯಲ್ಲಿ ಇದ್ದದ್ದೇ ಸಾಕು, ಅದರ ಹುಳಿ ಅದಕ್ಕೆ ಚಂದ. ಲಾಗರಿಗೆ ಆ ಹುಳಿ ಬಂದರೆ ಅದು ಸೋಂಕು.

ಇನ್ನೊಂದು ತಪ್ಪು ಕರಾವಳಿಯಲ್ಲಿ ಸುಲಭವಾಗಿ ಆಗುವಂಥದ್ದು. ಕೋಲ್ಡ್ ರೂಮಿನಿಂದ ನಲ್ಲಿಯವರೆಗಿನ ಪೈಪಿಗೆ ತಂಪು ಇಲ್ಲದಿದ್ದರೆ ಬಿಯರ್ ದಾರಿಯಲ್ಲೇ ಬಿಸಿಯಾಗುತ್ತದೆ. ಬಿಸಿಯಾದ ಬಿಯರ್ ಗ್ಯಾಸನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಗ್ಲಾಸಿಗೆ ಬೀಳುವುದು ಅರ್ಧ ನೊರೆ. ಪ್ರೆಶರ್ ಜಾಸ್ತಿಯಾಯಿತು ಅಂದುಕೊಂಡು ಹುಡುಗರು ರೆಗ್ಯುಲೇಟರ್ ಇಳಿಸುತ್ತಾರೆ. ಆ ದಿನ ಸ್ವಲ್ಪ ಸರಿಯಾದಂತೆ ಕಾಣುತ್ತದೆ. ಆದರೆ ಟ್ಯಾಂಕಿನ ಮೇಲೆ ಒತ್ತಡ ಕಡಿಮೆಯಾದದ್ದರಿಂದ ಒಳಗಿನ ಬಿಯರೂ ಗ್ಯಾಸ್ ಬಿಡುತ್ತಾ ಹೋಗಿ, ಕೆಲವು ದಿನದಲ್ಲಿ ಸಪ್ಪೆಯಾಗುತ್ತದೆ. ಮುಟ್ಟಬೇಕಾದದ್ದು ಪೈಪನ್ನು, ರೆಗ್ಯುಲೇಟರನ್ನಲ್ಲ. ತಣ್ಣನೆಯ ಗ್ಲೈಕಾಲ್ ದ್ರವ ಹರಿಯುವ ನಳಿಗೆಯ ಜೊತೆ ಬಿಯರ್ ಲೈನನ್ನು ಕಟ್ಟಿ, ಮೇಲೆ ದಪ್ಪ ಹೊದಿಕೆ ಸುತ್ತಬೇಕು.

ಬಿಯರ್ ಮಾಡುವುದನ್ನು ನೋಡಲು ಹೋಗುವುದಾದರೆ ವಾರದ ದಿನ ಬೆಳಿಗ್ಗೆ, ಮೊದಲೇ ಕೇಳಿಕೊಂಡು ಹೋಗಿ. ಬಾರ್ಲಿ ಮಾಲ್ಟನ್ನು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 65 ಡಿಗ್ರಿಯ ಆಸುಪಾಸಿನ ನೀರಿನಲ್ಲಿ ಒಂದು ಗಂಟೆ ನೆನೆಸುವ ಹೊತ್ತಿಗೆ ಇಡೀ ಕೋಣೆ ಹುರಿದ ರಾಗಿಗೆ ಬೆಲ್ಲ ಹಾಕಿದ ಹಾಗೆ ಘಮ್ಮೆನ್ನುತ್ತದೆ. ಆಮೇಲೆ ಗಂಟೆಗೂ ಮೀರಿದ ಕುದಿತ. ಮೊದಲು ಹಾಕಿದ ಹಾಪ್ಸ್ ಅನ್ನುವ ಬಳ್ಳಿಯ ಹೂ ಕಹಿ ಕೊಡುತ್ತದೆ, ಕೊನೆಯ ಐದು ನಿಮಿಷಕ್ಕೆ ಹಾಕಿದ್ದು ಪರಿಮಳ. ಬ್ರೂವರ್ ಹತ್ತಿರ ಎರಡೇ ಪ್ರಶ್ನೆ ಸಾಕು: ಈಗ ನಲ್ಲಿಯಲ್ಲಿರುವುದು ಎಷ್ಟು ದಿನದ್ದು? ನೀರು ಎಲ್ಲಿಯದು?

ಎರಡನೆಯದು ನಮ್ಮಲ್ಲಿ ಬಹಳ ಮುಖ್ಯ. ತುಂಬೆ ಅಣೆಕಟ್ಟಿನಿಂದ ಬರುವ ನೇತ್ರಾವತಿಯ ನೀರು ಮೃದು, ಲವಣ ಕಡಿಮೆ. ಪಿಲ್ಸ್ನರ್ ಅನ್ನುವ ಲಾಗರ್ ಹುಟ್ಟಿದ ಚೆಕ್ ದೇಶದ ಪಿಲ್ಸೆನ್ ಊರಿನ ನೀರೂ ಇದೇ ಜಾತಿಯದ್ದು. ಲಾಗರಿಗೆ ಇಂಥ ನೀರು ದೊಡ್ಡ ಭಾಗ್ಯ, ಐಪಿಎಗೆ ಮಾತ್ರ ಕಹಿ ಚುರುಕಾಗಲು ಜಿಪ್ಸಮ್ ಲವಣ ಸೇರಿಸಬೇಕಾಗುತ್ತದೆ. ನಲ್ಲಿ ನೀರಿನ ಕ್ಲೋರಿನ್ನನ್ನು ಕಾರ್ಬನ್ ಫಿಲ್ಟರಿನಲ್ಲಿ ತೆಗೆಯದಿದ್ದರೆ ಬಿಯರಿಗೆ ಆಸ್ಪತ್ರೆಯ ವಾಸನೆ ಬರುತ್ತದೆ. ಬೇಸಗೆಯಲ್ಲಿ ತುಂಬೆಯ ನೀರು ಇಳಿದು ಟ್ಯಾಂಕರ್, ಬೋರ್‌ವೆಲ್ ಮೊರೆಹೋದಾಗ ಸಮುದ್ರದ ಹತ್ತಿರದ ಬಾವಿಗಳಲ್ಲಿ ಉಪ್ಪಿನಂಶ ಬರಬಹುದು. ಮೇ ತಿಂಗಳ ಬಿಯರಿನ ರುಚಿ ಡಿಸೆಂಬರಿನದ್ದಕ್ಕಿಂತ ಬೇರೆ ಅನಿಸಿದರೆ ನೀರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಊಟದ ವಿಷಯ. ಚಿಕನ್ ಘೀ ರೋಸ್ಟಿಗೆ ಐಪಿಎ ತರಿಸಬೇಡಿ, ಹಾಪ್ಸಿನ ಕಹಿ ಬ್ಯಾಡಗಿ ಮೆಣಸಿನ ಖಾರವನ್ನು ಇನ್ನೂ ಏರಿಸುತ್ತದೆ. ಅದಕ್ಕೂ ಬಂಗುಡೆ ಪುಳಿಮುಂಚಿಗೂ ಗೋಧಿ ಬಿಯರೇ ಸರಿ. ಕಾಣೆ ರವಾ ಫ್ರೈಗೆ ಲಾಗರ್. ಕಾರು ಮಾತ್ರ ಮನೆಯಲ್ಲೇ ಇರಲಿ, ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ ಮಾತ್ರ.

ನಮ್ಮ ಬ್ರೂವರ್‌ಗಳಲ್ಲಿ ಒಂದು ಬೇಡಿಕೆ ಉಂಟು. ಮ್ಯಾಂಗೋ ಸಿರಪ್ ಬಿಟ್ಟು ಪುನರ್ಪುಳಿ (ಕೋಕಂ) ಹಾಕಿ ನೋಡಿ. ಜರ್ಮನಿಯ ಗೋಸೆ ಅನ್ನುವ ಬಿಯರ್ ಗೋಧಿಯದ್ದು, ಅದಕ್ಕೆ ಹುಳಿ, ಉಪ್ಪು, ಕೊತ್ತಂಬರಿ ಬೀಜ ಮೊದಲೇ ಉಂಟು. ಪುನರ್ಪುಳಿ ಶರಬತ್ತು ಕುಡಿದು ಬೆಳೆದ ನಾಲಿಗೆಗೆ ಅದು ಹೊಸತೇ ಅಲ್ಲ. ಉಪ್ಪು ಹಾಕದೆ ಒಣಗಿಸಿದ ಸಿಪ್ಪೆ ತನ್ನಿ, ಇಲ್ಲದಿದ್ದರೆ ಉಪ್ಪಿನ ಲೆಕ್ಕ ತಪ್ಪುತ್ತದೆ. ಹುದುಗು ಮುಗಿದ ಮೇಲೆ ಹಾಕಿ. ಮೊದಲು 20 ಲೀಟರಿನ ಕೆಗ್ಗಿನಲ್ಲಿ 100 ಗ್ರಾಂ ಹಾಕಿ, ದಿನಕ್ಕೊಮ್ಮೆ ರುಚಿ ನೋಡಿ, ಹುಳಿ ಸಾಕು ಅನಿಸಿದ ದಿನ ಸಿಪ್ಪೆ ತೆಗೆಯಿರಿ. ಅದು ಸರಿಬಂದರೆ ಮಾತ್ರ ದೊಡ್ಡ ಟ್ಯಾಂಕಿಗೆ ಕೈಹಾಕಿ.