ಸ್ಪ್ರೇ ಹೊಡೆಯುವ ಮೊದಲಿನ ಮೂರು ಸಂಜೆ

ಸ್ಪ್ರೇ ಗನ್ ಹಿಡಿದು ನಿಂತಿದ್ದ ನನ್ನನ್ನು ಅಮೆರಿಕದ ಮ್ಯಾಸಚೂಸೆಟ್ಸ್‌ನ ನಮ್ಮ ನೆರೆಮನೆಯ ಹಿರಿಯರು ತಡೆದು, ಅವರು ಮನೆಯಲ್ಲೇ ಕಟ್ಟುತ್ತಿರುವ ಕಾರಿನ ಅಲ್ಯೂಮಿನಿಯಂ ತಗಡಿನ ಮೇಲಿದ್ದ ನನ್ನ ಹೆಬ್ಬೆರಳಿನ ಗುರುತನ್ನು ತೋರಿಸಿದರು. ಮೂರು ಸಂಜೆ ಉಜ್ಜಿ ಒರೆಸಿದ ಮೇಲೂ ಆ ಒಂದು ಗುರುತಿಗಾಗಿ ಅವರು ಜಿಡ್ಡು ತೆಗೆಯುವ ಅಸಿಟೋನ್ ಬಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡಾಗ ನನಗೆ ನಾಚಿಕೆಯಾಯಿತು. ಹಾಸನದಲ್ಲಿ ಅಪ್ಪನ ಓಮ್ನಿ ವ್ಯಾನಿಗೆ ಮಾಡಿಸಿದ್ದ ಕೋಟಿಂಗ್ ನೆನಪಾಗಿ ಹೊಟ್ಟೆಯೂ ಉರಿಯಿತು.

ಅವರು ಕಟ್ಟುತ್ತಿರುವುದು ಕೋಬ್ರಾ ಎಂಬ ಸ್ಪೋರ್ಟ್ಸ್ ಕಾರಿನ ಪ್ರತಿರೂಪ. 1962ರಲ್ಲಿ ಅಮೆರಿಕದ ರೇಸ್ ಚಾಲಕ ಕ್ಯಾರಲ್ ಶೆಲ್ಬಿ ಇಂಗ್ಲೆಂಡಿನ ಹಗುರವಾದ ಕಾರಿನಲ್ಲಿ ಫೋರ್ಡ್ ವಿ-8 ಎಂಜಿನ್ ಕೂರಿಸಿ ರೂಪಿಸಿದ ಆ ಕಾರನ್ನು ಇಲ್ಲಿಯವರು ಬಿಡಿಭಾಗಗಳ ಕಿಟ್ ತರಿಸಿಕೊಂಡು ಮನೆಯಲ್ಲೇ ಜೋಡಿಸುತ್ತಾರೆ. ಉಕ್ಕಿನ ಕೊಳವೆಗಳ ಚೌಕಟ್ಟಿಗೆ ರಿವೆಟ್ ಹೊಡೆದ ತೆಳು ತಗಡೇ ಚಾಲಕನ ಕಾಲಿಗೂ ಎಂಜಿನ್ನಿಗೂ ನಡುವಿನ ಗೋಡೆ. ಎಕ್ಸಾಸ್ಟ್ ಕೊಳವೆಗಳು ಪಕ್ಕದಲ್ಲೇ ಹಾದುಹೋಗುವುದರಿಂದ ಕಾಲು ಬೇಯುತ್ತದೆ, ತಗಡು ತಮಟೆಯಂತೆ ಸದ್ದು ಮಾಡುತ್ತದೆ.

ಇದಕ್ಕೆ ಮದ್ದು ನೀರು ಆಧಾರಿತವಾದ ಎರಡು ಲೇಪಗಳು. ಮೊದಲನೆಯದು ತಗಡಿಗೆ ಅಂಟಿಕೊಂಡು ಅದರ ಕಂಪನವನ್ನು ತನ್ನೊಳಗೆ ನುಂಗುತ್ತದೆ. ಅದು ಒಣಗಿದ ಮೇಲೆ ಹೊಡೆಯುವ ಎರಡನೆಯದರಲ್ಲಿರುವ ಟೊಳ್ಳು ಸೆರಾಮಿಕ್ ಕಣಗಳು ಶಾಖಕ್ಕೆ ಅಡ್ಡ ನಿಲ್ಲುತ್ತವೆ. ಒಂದೊಂದು ಲೇಪವೂ ಸುಮಾರು 1 ಮಿಲಿಮೀಟರ್ ದಪ್ಪ, ಅದನ್ನೂ ಅರ್ಧರ್ಧವಾಗಿ ಎರಡು ಸಲ ಹೊಡೆದು, ಹಸಿಯಿರುವಾಗಲೇ ಬಾಚಣಿಗೆಯಂಥ ಅಳತೆಪಟ್ಟಿ ಒತ್ತಿ ನೋಡಬೇಕು. ಜಿಡ್ಡಿನ ಮೇಲೆ ಹೊಡೆದರೆ ಲೇಪ ಹಿಡಿಯುವುದಿಲ್ಲ, ಹಿಡಿಯದ ಲೇಪ ಕಂಪನವನ್ನೂ ತಡೆಯುವುದಿಲ್ಲ. ಅದಕ್ಕಾಗಿಯೇ ಅಷ್ಟು ಒರೆಸುವುದು. ಬೋಲ್ಟ್ ಹಿಡಿಯುವ ಸುತ್ತುಗಳು (ಥ್ರೆಡ್) ತುಂಬಿಹೋಗದಂತೆ ತೂತುಗಳಲ್ಲಿ ಹಳೆಯ ಬೋಲ್ಟ್ ತಿರುಗಿಸಿಟ್ಟು, ಪೆಡಲ್‌ಗಳಿಗೂ ಸ್ಟೀರಿಂಗ್ ದಂಡಕ್ಕೂ ಕಾಗದ ಸುತ್ತಿ ಟೇಪ್ ಹಚ್ಚಿದ್ದರು. ಕಾರ್ಪೆಟ್ ಹಾಸಿದ ಮೇಲೆ ಇದಾವುದೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಶಿರಾಡಿ ಘಾಟಿ ಹತ್ತುವಾಗ ಅಪ್ಪ ಗೋಣಿಚೀಲ ಮಡಿಸಿ ಹಾಕಿಕೊಂಡು ಕೂರುತ್ತಿದ್ದರು. ಬಿಸಿಯೂ ಸದ್ದೂ ಕಡಿಮೆಯಾಗುತ್ತವೆ ಎಂದು ಗ್ಯಾರೇಜೊಂದರವರು ಹೇಳಿದ್ದನ್ನು ನಂಬಿ ಅಡಿಭಾಗಕ್ಕೆ ಕಪ್ಪು ಕೋಟಿಂಗ್ ಹೊಡೆಸಿದೆವು. ಮಡ್‌ಗಾರ್ಡಿನೊಳಗೆ ಇನ್ನೂ ಆರದಿದ್ದ ಕೆಸರಿನ ಮೇಲೆಯೇ ಹೊಡೆದದ್ದನ್ನು ನಾನು ಕಣ್ಣಾರೆ ಕಂಡೆ. ಕೇಳಿದ್ದಕ್ಕೆ ಹೊಡೆಯುತ್ತಿದ್ದ ಹುಡುಗನಿಂದ "ಒಳಗಡೆ ಯಾರು ನೋಡ್ತಾರೆ ಸಾರ್" ಎಂಬ ಉತ್ತರ ಬಂತು. ಒಂದೇ ಮಳೆಗಾಲಕ್ಕೆ ಅದು ಹಪ್ಪಳದಂತೆ ಎದ್ದುಬಂತು. ಊರಿಗೆ ಹೋದಾಗಲೆಲ್ಲ ಹೊಸ ಮನೆಯ ಟೈಲ್ಸ್ ಕೆಳಗೂ ಹೊಸ ರಸ್ತೆಯ ಡಾಂಬರಿನ ಕೆಳಗೂ ನನಗೆ ಅದೇ ಉತ್ತರ ಕೇಳಿಸುತ್ತದೆ, ಮತ್ತು ಅದನ್ನು ಸಹಿಸಿಕೊಳ್ಳುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ.

ಆದರೂ ಒಪ್ಪಬೇಕಾದದ್ದು ಇದೆ. ನೆರೆಯವರಿಗೆ ಬೆಚ್ಚಗಿನ ಗ್ಯಾರೇಜಿದೆ, ಇಡೀ ಚಳಿಗಾಲದ ಬಿಡುವಿದೆ, ಬಾಗಿಲಲ್ಲಿ ಕಾಯುವ ಗಿರಾಕಿಯಿಲ್ಲ. ಹಾಸನದ ಆ ಹುಡುಗ ಜೂನ್ ಮಳೆಯಲ್ಲಿ ಸೋರುವ ಶೀಟಿನ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದ. ಸಂಜೆಯೊಳಗೆ ಗಾಡಿ ಬೇಕೇ ಬೇಕು ಎಂದು ಅಂದು ಎರಡು ಸಲ ಹೋಗಿ ಅವನ ತಲೆಯ ಬಳಿ ನಿಂತವನು ನಾನು.