ನಂದಿ ತಪ್ಪಲಿಗೆ ವೈನ್ ಹುಡುಕಿಕೊಂಡು ಹೋಗುವವರು ಮೊದಲು ಚಪ್ಪರದ ಕೆಳಗೆ ಹೋಗಬೇಕು

ದೇವನಹಳ್ಳಿ, ವಿಜಯಪುರ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಹುಟ್ಟಿ ಬೆಳೆದು ಈಗ ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವವರು ರಜೆಗೆ ಬಂದಾಗ "ನಮ್ಮೂರ ಕಡೆ ವೈನ್ ಟೂರ್" ಅಂತ ಹೊರಡುವುದು ಈಚೆಗೆ ರೂಢಿಯಾಗಿದೆ. ಹೋಗಿ ಬಂದವರ ಮಾತು ಹೆಚ್ಚುಕಡಿಮೆ ಒಂದೇ: ವೈನ್ ಚೆನ್ನಾಗಿತ್ತು, ಆದರೆ ಆ ರುಚಿ ಸಿಗಲಿಲ್ಲ. ಸಿಗುವುದಿಲ್ಲ ಸ್ವಾಮಿ. ನಾಲಿಗೆ ನೆನಪಿಟ್ಟುಕೊಂಡ ಹಣ್ಣು ಒಂದು, ವೈನರಿಯ ಗ್ಲಾಸಿಗೆ ಬಂದ ಹಣ್ಣು ಇನ್ನೊಂದು. ಎರಡೂ ದ್ರಾಕ್ಷಿಯೇ, ಹಸುವೂ ಎಮ್ಮೆಯೂ ಹಾಲು ಕೊಡುವ ಹಾಗೆ.

ಬಾಲ್ಯದ್ದು ಬೆಂಗಳೂರು ಬ್ಲೂ. ಅಮೆರಿಕ ಮೂಲದ ಲ್ಯಾಬ್ರಸ್ಕಾ ಕುಲದ ರಕ್ತ ಇರುವ ತಳಿ. ಬೇರೆ ದೇಶಗಳಲ್ಲಿ ಇದಕ್ಕೆ ಇಸಬೆಲ್ಲಾ ಅನ್ನುತ್ತಾರೆ. ಹಣ್ಣು ಚಿಕ್ಕದು, ಸಿಪ್ಪೆ ದಪ್ಪ, ಒಳಗೆ ಬೀಜ. ಎರಡು ಬೆರಳಲ್ಲಿ ಒತ್ತಿದರೆ ತಿರುಳು ಪುಳಕ್ಕನೆ ಬಾಯಿಗೆ ಹಾರಿ ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಯುರೋಪಿನ ತಳಿಗಳಲ್ಲಿ ಹೀಗಾಗುವುದಿಲ್ಲ, ಅಲ್ಲಿ ಸಿಪ್ಪೆ ತಿರುಳಿಗೆ ಅಂಟಿಕೊಂಡೇ ಇರುತ್ತದೆ. ಪೆಟ್ಟಿಗೆ ತೆರೆದ ಕೂಡಲೇ ಮನೆಯೆಲ್ಲ ತುಂಬುವ ಆ ಘಮ ಲ್ಯಾಬ್ರಸ್ಕಾ ವಂಶದ್ದು. ಆ ವಂಶದ ಗುರುತಿನ ವಾಸನೆಗೆ ಕಾರಣವಾದ ಮೀಥೈಲ್ ಆಂಥ್ರನಿಲೇಟ್ ಎಂಬ ರಾಸಾಯನಿಕವನ್ನೇ ಅಂಗಡಿಯ ದ್ರಾಕ್ಷಿ ಚಾಕೊಲೇಟು, ಬಬಲ್ ಗಮ್ಮುಗಳಿಗೂ ಹಾಕುತ್ತಾರೆ. ವೈನ್ ಪಂಡಿತರು ಈ ವಾಸನೆಗೆ 'ನರಿ ವಾಸನೆ' ಅಂತ ಹೆಸರಿಟ್ಟು ಮೂಗು ಮುರಿಯುತ್ತಾರೆ. ಅವರ ಮೂಗು, ಅವರ ಇಷ್ಟ.

ವೈನರಿಯ ಟೇಸ್ಟಿಂಗ್ ಪಟ್ಟಿಯಲ್ಲಿ ಕಾಣುವ ಶಿರಾಜ್, ಕ್ಯಾಬರ್ನೆ ಸೊವಿನ್ಯೋ, ಸೊವಿನ್ಯೋ ಬ್ಲಾಂ, ವಿಯೋನ್ಯೇ ಎಲ್ಲವೂ ಯುರೋಪಿನ ವಿನಿಫೆರಾ ತಳಿಗಳು. ಅವು ಈ ತಪ್ಪಲಿಗೆ ಬಂದದ್ದು ಮೊನ್ನೆ ಮೊನ್ನೆ. ಇಲ್ಲಿ ವೈನರಿ ಕಟ್ಟಿದ ಗ್ರೋವರ್ ಕುಟುಂಬ ದೊಡ್ಡಬಳ್ಳಾಪುರದ ಹತ್ತಿರ ಫ್ರೆಂಚ್ ತಳಿಗಳನ್ನು ನೆಟ್ಟದ್ದು 1988ರಲ್ಲಿ, ಮೊದಲ ವೈನ್ ಮಾರುಕಟ್ಟೆಗೆ ಬಂದದ್ದು 1992ರಲ್ಲಿ. ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದದ್ದು 2007ರಲ್ಲಿ. ದ್ರಾಕ್ಷಾರಸ ಮಂಡಳಿ ಹುಟ್ಟಿದ್ದು, 'ನಂದಿ ಕಣಿವೆ' ಎಂಬ ಹೆಸರು ಓಡಾಡತೊಡಗಿದ್ದು ಅದರ ಹಿಂದೆಯೇ. ಬೆಂಗಳೂರು ಬ್ಲೂ ಈ ನೆಲದಲ್ಲಿ ನೂರು ವರ್ಷಕ್ಕೂ ಹಳೆಯದು. 2013ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಅದಕ್ಕೆ ಸಿಕ್ಕಿತು. ಹೀಗಿದ್ದೂ ಊರ ಹೆಸರು ಹೊತ್ತ ದ್ರಾಕ್ಷಿಗೆ ಊರ ವೈನ್ ಪ್ರವಾಸದಲ್ಲಿ ಹಿತ್ತಲ ಬಾಗಿಲೇ ಗತಿ. ನನ್ನ ತಕರಾರು ಇಷ್ಟೇ.

ಹಾಗಾದರೆ ಹೋಗುವುದು ಹೇಗೆ?

ಮೊದಲು ತೋಟ, ಆಮೇಲೆ ವೈನರಿ. ಬೆಂಗಳೂರು ಬ್ಲೂ ಬೆಳೆಯುವುದು ಚಪ್ಪರದ ಮೇಲೆ: ಕಲ್ಲು ಕಂಬ, ಮೇಲೆ ತಂತಿಯ ಬಲೆ, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ಎಲೆಯ ಸೂರು, ಗೊಂಚಲು ತಲೆಗೆ ತಾಗುವಂತೆ ನೇತಾಡುತ್ತವೆ. ವೈನ್ ತಳಿಗಳದ್ದು ಬೇಲಿಯ ಥರ: ಸಾಲಾಗಿ ನಿಂತ ಕಂಬ, ಅಡ್ಡ ತಂತಿ, ಎಲೆ ಮೇಲಕ್ಕೆ, ಗೊಂಚಲು ಮೊಣಕಾಲಿನಿಂದ ಸೊಂಟದ ನಡುವೆ. ರಸ್ತೆಯಿಂದ ನೋಡಿಯೇ ಯಾವ ತೋಟ ಯಾವುದು ಅಂತ ಹೇಳಿಬಿಡಬಹುದು. ಚಪ್ಪರವೆಲ್ಲ ಬೆಂಗಳೂರು ಬ್ಲೂ ಅಂದುಕೊಳ್ಳಬೇಡಿ. ದಿಲ್‌ಖುಷ್, ಶರದ್, ರೆಡ್ ಗ್ಲೋಬ್ ಕೂಡ ಈ ಭಾಗದಲ್ಲಿವೆ. ದಿಲ್‌ಖುಷ್‌ನ ಕಾಯಿ ಉದ್ದ, ಬಣ್ಣ ಹಸಿರು-ಹಳದಿ. ಅದು ತಿನ್ನುವ ದ್ರಾಕ್ಷಿ, ವೈನಿಗಲ್ಲ.

ಯಾವ ತಿಂಗಳು ಹೋಗಬೇಕು ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಇಲ್ಲಿನ ಬಳ್ಳಿಗೆ ಫ್ರಾನ್ಸಿನಂತೆ ಚಳಿಗಾಲದ ನಿದ್ದೆ ಇಲ್ಲ, ವರ್ಷವಿಡೀ ಎಚ್ಚರ. ಅದಕ್ಕೆ ರೈತನೇ ಕತ್ತರಿ ಹಿಡಿದು ಕಾಲ ಹೇಳಿಕೊಡಬೇಕು. ವೈನ್ ತಳಿಗಳನ್ನು ವರ್ಷಕ್ಕೆ ಎರಡು ಸಲ ಸವರುತ್ತಾರೆ (ಉತ್ತರ ಕರ್ನಾಟಕದ ವಿಜಯಪುರದ ಕಡೆ ಇದಕ್ಕೆ ಚಾಟನಿ ಅನ್ನುತ್ತಾರೆ). ಏಪ್ರಿಲ್ ಸುಮಾರಿಗೆ ಸವರುವುದು ಕಡ್ಡಿ ಬೆಳೆಸಲು. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಸವರುವುದು ಹಣ್ಣಿಗೆ. ಎರಡರ ನಡುವೆ ಕಣ್ಣಿಗೆ ಕಾಣದ ಕೆಲಸ ಒಂದಿದೆ: ಏಪ್ರಿಲ್ ನಂತರ ಬಂದ ಕಡ್ಡಿಯ ಮೊಗ್ಗಿನೊಳಗೆ ಮುಂದಿನ ಗೊಂಚಲು ಆಗಲೇ ರೂಪುಗೊಳ್ಳುತ್ತದೆ. ಆಗ ಮೋಡ ಕವಿದು ಬಿಸಿಲು ಸಾಲದಿದ್ದರೆ, ಅಥವಾ ಎಲೆ ದಟ್ಟವಾಗಿ ಒಂದರ ಮೇಲೊಂದು ಬಿದ್ದು ನೆರಳಾದರೆ, ಅಕ್ಟೋಬರಿನಲ್ಲಿ ಗೊಂಚಲು ಬರಬೇಕಾದ ಕಡೆ ಬರೀ ಸುರುಳಿ ಕುಡಿ ಬರುತ್ತದೆ. ಹಣ್ಣಿನ ಕಾಲದಲ್ಲಿ ತೋಟ ಖಾಲಿ ಕಂಡರೆ ತಪ್ಪು ಆರು ತಿಂಗಳ ಹಿಂದೆ ಆಗಿರುತ್ತದೆ. ಕೊಯ್ಲು ಬಹುಪಾಲು ಫೆಬ್ರುವರಿ-ಮಾರ್ಚ್. ಹಗಲು ಬಿಸಿಲು, ರಾತ್ರಿ ತಂಪು, ಮಳೆ ಇಲ್ಲ. ತೋಟಗಳಿರುವುದು ಸುಮಾರು 900 ಮೀಟರ್ ಎತ್ತರದಲ್ಲಿ (ಬೆಟ್ಟದ ತುದಿ 1,478 ಮೀಟರ್), ರಾತ್ರಿಯ ತಂಪಿನಿಂದಲೇ ಹಣ್ಣಿನ ಹುಳಿ ಉಳಿಯುತ್ತದೆ. ವೈನರಿಯಲ್ಲಿ ಹಣ್ಣು ಇಳಿಯುವುದನ್ನು ನೋಡಬೇಕಾದರೆ ಆ ಎರಡು ತಿಂಗಳೇ ಸರಿ. ಜುಲೈನಲ್ಲಿ ಹೋದರೆ ಸ್ಟೀಲ್ ಟ್ಯಾಂಕುಗಳನ್ನು ನೋಡಿ ಬರಬೇಕು, ಅಷ್ಟೆ.

ಬೆಂಗಳೂರು ಬ್ಲೂ ಲೆಕ್ಕ ಬೇರೆ. ಸವರಿದ ನಾಲ್ಕು ನಾಲ್ಕೂವರೆ ತಿಂಗಳಿಗೆ ಹಣ್ಣು. ವರ್ಷಕ್ಕೆ ಎರಡು ಬೆಳೆ, ಗಟ್ಟಿಗರು ಎರಡು ವರ್ಷಕ್ಕೆ ಐದು ಬೆಳೆಯನ್ನೂ ತೆಗೆಯುತ್ತಾರೆ. ಒಬ್ಬೊಬ್ಬರು ಒಂದೊಂದು ತಿಂಗಳಲ್ಲಿ ಸವರುವುದರಿಂದ ಯಾರದೋ ತೋಟದಲ್ಲಿ ಯಾವಾಗಲೂ ಹಣ್ಣಿರುತ್ತದೆ. ಆದರೆ ಮಳೆಗಾಲದ ಹಣ್ಣಿಗೆ ಸಿಹಿ ಕಡಿಮೆ, ಬೇಸಿಗೆಯ ಹಣ್ಣೇ ಹಣ್ಣು.

ತೋಟದವರನ್ನು ಕೇಳದೆ ಒಳಗೆ ಕಾಲಿಡಬೇಡಿ. "ಯಜಮಾನ್ರೇ, ಒಳಗೆ ಬರಬಹುದಾ? ಔಷಧಿ ಹೊಡೆದು ಎಷ್ಟು ದಿನ ಆಯ್ತು?" ಈ ಎರಡು ಪ್ರಶ್ನೆ ಸಾಕು. ಎರಡನೆಯದು ಮುಖ್ಯ. ಬೆಂಗಳೂರು ಬ್ಲೂ ಚಿಬ್ಬು ರೋಗವನ್ನು ತಡೆದುಕೊಳ್ಳುತ್ತದೆ, ಬೂಜು ತುಪ್ಪಟ ರೋಗಕ್ಕೆ ಮಾತ್ರ ಸುಲಭವಾಗಿ ಮಣಿಯುತ್ತದೆ. ಮಳೆ, ಮಂಜು ಎರಡೂ ಸೇರಿದರೆ ಎಲೆಯ ಮೇಲೆ ಎಣ್ಣೆ ಬಿದ್ದಂಥ ಕಲೆ, ಅಡಿಯಲ್ಲಿ ಬಿಳಿ ತುಪ್ಪಟ. ಇದಕ್ಕೆ ಹಳೆಯ ಮದ್ದು ಬೋರ್ಡೋ ದ್ರಾವಣ: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಕಬ್ಬಿಣದ ಚಾಕು ಅದ್ದಿದಾಗ ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದು ಎಂದರ್ಥ, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಹಣ್ಣಿನ ಮೇಲೆ ಒಂದೇ ಸಮ ಹಬ್ಬಿದ ಬೂದು ಬಿಳಿಯ ಪುಡಿ ಔಷಧಿಯಲ್ಲ, ದ್ರಾಕ್ಷಿಯದೇ ಮೇಣ. ಅದಿದ್ದರೆ ಹಣ್ಣು ಹೆಚ್ಚು ಕೈ ಬದಲಾಗಿಲ್ಲ ಅಂತ ಲೆಕ್ಕ. ಹನಿ ಹನಿಯಾಗಿ ಒಣಗಿದ ನೀಲಿ-ಬಿಳಿ ಚುಕ್ಕೆ ಕಂಡರೆ ಅದು ಔಷಧಿ.

ಕೊಳ್ಳುವಾಗ ಗೊಂಚಲನ್ನು ತಿರುಗಿಸಿ ನೋಡಿ. ಒಂದೇ ಗೊಂಚಲಿನಲ್ಲಿ ಕಪ್ಪು, ಕೆಂಪು, ಹಸಿರು ಮೂರೂ ಇರುವುದು ಈ ತಳಿಯ ಹುಟ್ಟುಗುಣ. ಚಪ್ಪರದ ನಡುವಿನ ದಟ್ಟ ನೆರಳಲ್ಲಿ ಇನ್ನೂ ಜಾಸ್ತಿ. "ಮನೆಗೆ ಹೋಗಿ ಇಟ್ಟರೆ ಹಣ್ಣಾಗುತ್ತೆ ಸಾರ್" ಅಂದರೆ ನಂಬಬೇಡಿ. ದ್ರಾಕ್ಷಿ ಬಳ್ಳಿಯಿಂದ ಬಿಡಿಸಿದ ಮೇಲೆ ಹಣ್ಣಾಗುವುದಿಲ್ಲ. ಮಾವು, ಬಾಳೆಯ ಲೆಕ್ಕ ಇಲ್ಲಿ ನಡೆಯದು.

ಇನ್ನು ವೈನರಿ. ಬೆಂಗಳೂರು ಬ್ಲೂ ಯಾಕೆ ಅಲ್ಲಿ ಮುಂದಿನ ಸಾಲಿನಲ್ಲಿಲ್ಲ ಅನ್ನುವುದಕ್ಕೆ ನ್ಯಾಯವಾದ ಕಾರಣವೂ ಇದೆ, ಅದನ್ನು ಮುಚ್ಚಿಡುವುದು ಬೇಡ. ಇದರ ರಸದ ಸಿಹಿ 16ರಿಂದ 18 ಬ್ರಿಕ್ಸ್ (ರಸದಲ್ಲಿ ಸಕ್ಕರೆ ಶೇಕಡಾ ಎಷ್ಟು ಅನ್ನುವ ಅಳತೆ). ಬ್ರಿಕ್ಸ್ ಅಂಕಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಆಲ್ಕೋಹಾಲ್ ಆಗುತ್ತದೆ, ಅಂದರೆ ಶೇ 9-10. ಶಿರಾಜ್ ಅನ್ನು 22-24ಕ್ಕೆ ಕೊಯ್ಯುತ್ತಾರೆ, ಶೇ 13ಕ್ಕೆ ಸುಲಭವಾಗಿ ಮುಟ್ಟುತ್ತದೆ. ಬ್ಲೂ ವೈನ್ ಕೆಡದೆ ನಿಲ್ಲಬೇಕಾದರೆ ಸಕ್ಕರೆ ಸೇರಿಸಬೇಕು (ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆಗೆ ಶೇ 1 ಆಲ್ಕೋಹಾಲ್), ಇಲ್ಲವೇ ಸ್ಪಿರಿಟ್ ಸೇರಿಸಬೇಕು. ಹೀಗಾಗಿಯೇ ಅದು ಅಗ್ಗದ, ಸಿಹಿ 'ಪೋರ್ಟ್' (ಪೋರ್ಟುಗಲ್ಲಿನ ಸಿಹಿ ವೈನಿನ ಹೆಸರು) ಬಾಟಲಿಗಳಿಗೆ ಹೋಗಿ ಸೇರಿತು, ಹೆಸರೂ ಕೆಟ್ಟಿತು. ತಪ್ಪು ಹಣ್ಣಿನದಲ್ಲ, ಅದನ್ನು ಪೋರ್ಟುಗಲ್ಲಿನ ವೇಷ ಹಾಕಿ ಮಾರಿದವರದು.

ಇದೇ ಇಸಬೆಲ್ಲಾ ಬೇರೆ ಕಡೆ ಹೇಗಿದೆ ನೋಡಿ. ಫ್ರಾನ್ಸ್ 1934ರಲ್ಲಿ ಇದರ ಜೊತೆ ಇನ್ನೂ ಐದು ತಳಿಗಳ ವೈನನ್ನು ನಿಷೇಧಿಸಿತು. ಆದರೆ ಆಸ್ಟ್ರಿಯಾದ ದಕ್ಷಿಣ ಬುರ್ಗನ್‌ಲಾಂಡಿನವರು ಇಂಥ ತಳಿಗಳಿಂದಲೇ ಮಾಡುವ ಊಹುಡ್ಲರ್ ಎಂಬ ವೈನಿಗಾಗಿ ಹಟ ಹಿಡಿದು 1992ರಲ್ಲಿ ಅನುಮತಿ ಪಡೆದರು. ಅದನ್ನು ಕುಡಿಯಲೆಂದೇ ಪ್ರವಾಸಿಗರು ಆ ಹಳ್ಳಿಗಳಿಗೆ ಹೋಗುತ್ತಾರೆ. ಇಟಲಿಯಲ್ಲಿ ಇದು ಸ್ಟ್ರಾಬೆರಿ ದ್ರಾಕ್ಷಿ, ಮನೆಮನೆಯ ಫ್ರಾಗೊಲೀನೊ. ಬ್ರೆಜಿಲ್ಲಿನ ದಕ್ಷಿಣಕ್ಕೆ ವಲಸೆ ಹೋದ ಇಟಲಿಯವರು ಇದೇ ಹಣ್ಣಿನ ಮೇಲೆ ಒಂದು ವೈನ್ ಸೀಮೆಯನ್ನೇ ಕಟ್ಟಿದರು. ನಂದಿ ತಪ್ಪಲಿನ ವೈನರಿಯವರು ಕಡಿಮೆ ಆಲ್ಕೋಹಾಲಿನ, ತಣ್ಣಗೆ ಕುಡಿಯುವ, ಸ್ವಲ್ಪ ನೊರೆ ಇರುವ ಬೆಂಗಳೂರು ಬ್ಲೂ ಒಂದನ್ನು ತಲೆಯೆತ್ತಿ ಪಟ್ಟಿಯ ಮೊದಲಿಗೆ ಹಾಕಿದರೆ ಯಾರ ಮಾನವೂ ಹೋಗುವುದಿಲ್ಲ. ಟೇಸ್ಟಿಂಗಿಗೆ ಹೋದವರು "ಬ್ಲೂ ಇದೆಯಾ?" ಅಂತ ಸಂಕೋಚವಿಲ್ಲದೆ ಕೇಳಬೇಕು. ಕೇಳುವವರಿಲ್ಲದೆ ಯಾರೂ ಮಾಡುವುದಿಲ್ಲ.

ಟೇಸ್ಟಿಂಗಿನ ಲೆಕ್ಕ ಒಂದನ್ನು ಮೊದಲೇ ಹಾಕಿಕೊಳ್ಳಿ. ತಲಾ 30 ಎಂಎಲ್‌ನಂತೆ ಆರು ವೈನ್ ಅಂದರೆ 180 ಎಂಎಲ್, ಅದರಲ್ಲಿ ಸುಮಾರು 18 ಗ್ರಾಂ ಆಲ್ಕೋಹಾಲ್. ವಾಹನ ಓಡಿಸುವವರಿಗೆ ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ. 60 ಕೆಜಿ ತೂಕದವರು ಇಷ್ಟರಲ್ಲೇ ಅದನ್ನು ದಾಟಬಹುದು. ಉಗುಳುವ ಪಾತ್ರೆ ಕೊಡುತ್ತಾರೆ, ಅದನ್ನು ಬಳಸುವುದು ಅವಮಾನವಲ್ಲ. ಓಡಿಸದವರೊಬ್ಬರನ್ನು ಗೊತ್ತು ಮಾಡಿಕೊಳ್ಳಿ, ಅಥವಾ ಬಾಡಿಗೆ ಕಾರು. ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ರಸ್ತೆ ಸೂರ್ಯೋದಯದವರಿಂದ ತುಂಬಿರುತ್ತದೆ. ವಾರದ ದಿನ ಹೋಗಿ.

ಕೆಂಪು ವೈನನ್ನು 'ರೂಮ್ ಟೆಂಪರೇಚರ್'ನಲ್ಲಿ ಕುಡಿಯಿರಿ ಅನ್ನುವ ಮಾತು ಯುರೋಪಿನ ತಣ್ಣನೆ ಕೋಣೆಗೆ ಹೇಳಿದ್ದು. ನಮ್ಮ ಮಾರ್ಚಿನ ಕೋಣೆ 28-30 ಡಿಗ್ರಿ, ಅಲ್ಲಿ ಬರೀ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ. ಕೆಂಪನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ, ಬಿಳಿಯದನ್ನು ಎರಡು ಮೂರು ಗಂಟೆ. ಕೊಂಡ ಬಾಟಲಿಯನ್ನು ಕಾರಿನ ಡಿಕ್ಕಿಯಲ್ಲಿಟ್ಟು ಭೋಗನಂದೀಶ್ವರನ ದರ್ಶನಕ್ಕೆ ಹೋಗಬೇಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ವೈನ್ ಉಬ್ಬಿ ಕಾರ್ಕನ್ನು ತಳ್ಳುತ್ತದೆ, ರುಚಿ ಬೇಯಿಸಿದ ಜಾಮಿನಂತಾಗುತ್ತದೆ. ದೇವಸ್ಥಾನ ಮೊದಲು, ವೈನರಿ ಕೊನೆಗೆ, ಥರ್ಮಾಕೋಲ್ ಡಬ್ಬಿ ಜೊತೆಗೆ. ಹಾಗೆಯೇ ನಾಟಿ ಕೋಳಿ ಸಾರು-ಮುದ್ದೆಗೆ ಒಗರಿನ ಕ್ಯಾಬರ್ನೆ ತೆಗೆಯಬೇಡಿ. ಖಾರಕ್ಕೆ ಒಗರು ಸೇರಿದರೆ ಬಾಯಿ ಉರಿ ಎರಡರಷ್ಟು. ಸ್ವಲ್ಪ ಸಿಹಿ ಇರುವ ತಣ್ಣನೆಯದು ಹೊಂದುತ್ತದೆ.

ಬಾಲ್ಯದ ರುಚಿಯೇ ಬೇಕು ಅನ್ನುವವರು 5 ಕೆಜಿ ಬ್ಲೂ ತಂದು ರಸ ಮಾಡಿ. (ಪರವಾನಗಿ ಇಲ್ಲದೆ ಮನೆಯಲ್ಲಿ ವೈನ್ ಮಾಡುವುದು ಅಬಕಾರಿ ಕಾನೂನಿಗೆ ವಿರುದ್ಧ, ಕ್ರಿಸ್‌ಮಸ್ಸಿಗೆ ಭರಣಿ ತುಂಬುವ ಮನೆಗಳು ಎಷ್ಟೇ ಇರಲಿ.) ತೊಳೆದು, ತೊಟ್ಟು ಬಿಡಿಸಿ, ಕೈಯಲ್ಲೇ ಕಿವುಚಿ. ಮಿಕ್ಸಿ ಬೇಡ, ಬೀಜ ಒಡೆದರೆ ಕಹಿ. ಸಣ್ಣ ಉರಿಯಲ್ಲಿ 60-70 ಡಿಗ್ರಿಗೆ, ಅಂದರೆ ಹಬೆಯಾಡುತ್ತಿರಬೇಕು ಆದರೆ ಕುದಿಯಬಾರದು, ಕಾಲು ಗಂಟೆ ಇಟ್ಟರೆ ಸಿಪ್ಪೆಯ ಬಣ್ಣವೆಲ್ಲ ಇಳಿಯುತ್ತದೆ. ಕುದಿಸಿದರೆ ಘಮ ಹೋಗುತ್ತದೆ. ತೆಳು ಬಟ್ಟೆಯಲ್ಲಿ ಸೋಸಿದರೆ ಸುಮಾರು 3 ಲೀಟರ್. ಎರಡು ದಿನ ಫ್ರಿಜ್ಜಿನಲ್ಲಿ ಅಲುಗಿಸದೆ ಇಡಿ. ತಳದಲ್ಲಿ ಗಾಜಿನ ಪುಡಿಯಂಥ ಹರಳು ಕೂರುತ್ತದೆ. ಹೆದರಬೇಡಿ, ಅದು ದ್ರಾಕ್ಷಿಯ ಟಾರ್ಟಾರಿಕ್ ಆಮ್ಲದ ಲವಣ. ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಂಡು ವಾರದೊಳಗೆ ಮುಗಿಸಿ.

ತೋಟಗಳು ಇನ್ನೆಷ್ಟು ದಿನ ಇರುತ್ತವೆ ಅನ್ನುವುದು ಬೇರೆಯೇ ಮಾತು. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿ ಸುತ್ತ ಚಪ್ಪರದ ಕಲ್ಲು ಕಂಬಗಳು ಎಷ್ಟೋ ಕಡೆ ಸೈಟಿನ ಗಡಿಕಲ್ಲುಗಳಾದವು. ಕೊಳವೆಬಾವಿ ಸಾವಿರ ಅಡಿ ದಾಟಿದ ಮೇಲೆ ಉಳಿದವರಿಗೂ ಲೆಕ್ಕ ಕೂಡುವುದು ಕಷ್ಟ.

ಆದ್ದರಿಂದ ಸವರುವ ಕಾಲದಲ್ಲಿ ಹೋದವರು ಬದುವಿನ ಮೇಲೆ ರಾಶಿ ಬಿದ್ದ ಕಡ್ಡಿಗಳಲ್ಲಿ ನಾಲ್ಕೈದನ್ನು ಕೇಳಿ ತನ್ನಿ. ವೈನ್ ತಳಿಗಳನ್ನು ಡಾಗ್‌ರಿಡ್ಜ್‌ನಂಥ ಬೇರುಸಸಿಯ ಮೇಲೆ ಕಸಿ ಕಟ್ಟಿ ಬೆಳೆಸುವುದೇ ಹೆಚ್ಚು. ಬ್ಲೂಗೆ ಅದರ ಹಂಗಿಲ್ಲ, ಸ್ವಂತ ಬೇರಿನ ಮೇಲೆಯೇ ನಿಲ್ಲುತ್ತದೆ. ಪೆನ್ಸಿಲ್ ದಪ್ಪದ, ಕಂದು ತಿರುಗಿದ, ನಾಲ್ಕು ಗೆಣ್ಣಿನ ಕಡ್ಡಿ ಇರಲಿ. ಬುಡವನ್ನು ಗೆಣ್ಣಿನ ಕೆಳಗೇ ನೇರವಾಗಿ, ತುದಿಯನ್ನು ಓರೆಯಾಗಿ ಕತ್ತರಿಸಿ, ಇಲ್ಲದಿದ್ದರೆ ಮನೆಗೆ ಬರುವಷ್ಟರಲ್ಲಿ ಮೇಲು ಯಾವುದು ಕೆಳಗು ಯಾವುದು ಮರೆತುಹೋಗಿ ತಲೆಕೆಳಗಾಗಿ ನೆಡುತ್ತೀರಿ. ಒದ್ದೆ ಗೋಣಿಯಲ್ಲಿ ಸುತ್ತಿ ತನ್ನಿ. ಎರಡು ಗೆಣ್ಣು ಮಣ್ಣೊಳಗೆ, ಎರಡು ಮೇಲೆ. ಮೊದಲು ಒಡೆಯುವ ಚಿಗುರು ಕಡ್ಡಿಯಲ್ಲಿದ್ದ ಶಕ್ತಿಯದು, ಬೇರಿನದಲ್ಲ. ಅದನ್ನು ನೋಡಿ ಖುಷಿಪಟ್ಟು ಕಿತ್ತು ಬೇರೆ ಕುಂಡಕ್ಕೆ ಹಾಕಿದರೆ ಸಾಯುತ್ತದೆ. ಎರಡು ತಿಂಗಳು ಮುಟ್ಟಬೇಡಿ.