ಬೇಸಿಗೆಯ ಕೋಳಿಗೆ ಬೇರೆ ಲೆಕ್ಕ ಬೇಕೆ?

ಬ್ರಾಯ್ಲರ್ ಕೋಳಿಗೆ ಆ್ಯಂಟಿಬಯಾಟಿಕ್ ಕೊಟ್ಟ ಮೇಲೆ, ಕೊನೆಯ ಡೋಸಿನಿಂದ ಅದನ್ನು ಮಾಂಸಕ್ಕೆ ಕಳುಹಿಸುವವರೆಗೆ ಇಷ್ಟು ದಿನ ಕಾಯಬೇಕು ಎಂಬ ನಿಯಮವಿದೆ. ಫಾರಂಗಳಲ್ಲಿ ಇದನ್ನು ‘ವಿತ್‌ಡ್ರಾಯಲ್’ ಎಂದೇ ಕರೆಯುತ್ತಾರೆ. ಇಲ್ಲಿ ನಿಲುಗಡೆ ಅವಧಿ ಎನ್ನೋಣ. ಈ ಅವಧಿ ವರ್ಷವಿಡೀ ಒಂದೇ ಆಗಿರಬೇಕೆ, ಇಲ್ಲವೇ ಬೇಸಿಗೆ, ಮಳೆಗಾಲ, ಚಳಿಗಾಲಗಳಿಗೆ ಬೇರೆ ಬೇರೆಯಾಗಿ ನಿಗದಿಯಾಗಬೇಕೆ ಎಂಬುದು ಪ್ರಶ್ನೆ. ಎರಡೂ ವಾದಗಳನ್ನು ನಾನೇ ಬರೆದಿದ್ದೇನೆ. ಎರಡನೆಯದನ್ನು ಬರೆಯುವಾಗ ಕೈ ಹೆಚ್ಚು ಸರಾಗವಾಗಿ ಓಡಿತು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಪರ: ಋತುವಿಗೆ ತಕ್ಕಂತೆ ಅವಧಿ ಬದಲಾಗಬೇಕು

ಔಷಧ ದೇಹದಿಂದ ಹೊರಹೋಗುವ ವೇಗಕ್ಕೂ ಶಾಖಕ್ಕೂ ಸಂಬಂಧವಿದೆ ಎಂಬುದನ್ನು ನಮ್ಮ ಕಾನೂನು ಈಗಾಗಲೇ ಒಪ್ಪಿಕೊಂಡಿದೆ. ಔಷಧ ಮತ್ತು ಸೌಂದರ್ಯವರ್ಧಕಗಳ ನಿಯಮಾವಳಿಗೆ 2012ರ ಜನವರಿಯಲ್ಲಿ ತಂದ ತಿದ್ದುಪಡಿಯ ಪ್ರಕಾರ, ಆಹಾರಕ್ಕಾಗಿ ಸಾಕುವ ಪ್ರಾಣಿಗಳ ಔಷಧದ ಲೇಬಲ್ ಮೇಲೆ ನಿಲುಗಡೆ ಅವಧಿಯನ್ನು ನಮೂದಿಸಲೇಬೇಕು. ಪರೀಕ್ಷಿಸಿ ನಿಗದಿಪಡಿಸಿದ ಅವಧಿ ಆ ಔಷಧಕ್ಕೆ ಇಲ್ಲದಿದ್ದರೆ ಹಾಲು ಮತ್ತು ಮೊಟ್ಟೆಗೆ ಕನಿಷ್ಠ 7 ದಿನ, ಕೋಳಿ ಮತ್ತು ಸಸ್ತನಿಗಳ ಮಾಂಸಕ್ಕೆ ಕನಿಷ್ಠ 28 ದಿನ, ಮೀನಿಗೆ ಕನಿಷ್ಠ 500 ‘ಡಿಗ್ರಿ-ದಿನ’ ಕಾಯಬೇಕು. ನೀರಿನ ಉಷ್ಣಾಂಶವನ್ನು ದಿನಗಳಿಂದ ಗುಣಿಸಿದರೆ ಬರುವ ಸಂಖ್ಯೆಯೇ ಡಿಗ್ರಿ-ದಿನ. ನೀರು 25 ಡಿಗ್ರಿ ಇದ್ದಲ್ಲಿ 20 ದಿನ ಸಾಕು, 10 ಡಿಗ್ರಿ ಇದ್ದಲ್ಲಿ 50 ದಿನ ಬೇಕು. ಅದೇ ನಿಯಮದ ಅದೇ ವಾಕ್ಯದಲ್ಲಿ ಕೋಳಿಗೆ ಮಾತ್ರ ರಾಯಚೂರಿನ ಮೇ ತಿಂಗಳೂ ಒಂದೇ, ಚಿಕ್ಕಮಗಳೂರಿನ ಜುಲೈ ತಿಂಗಳೂ ಒಂದೇ.

ಕೋಳಿ ಬಿಸಿರಕ್ತದ ಪ್ರಾಣಿ, ಅದರ ಮೈಯ ಶಾಖ 41ರಿಂದ 42 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ ಎಂಬ ಉತ್ತರ ಸಿದ್ಧವಾಗಿಯೇ ಇದೆ. ಆದರೆ ಆ ಶಾಖವನ್ನು ಅಲ್ಲೇ ಹಿಡಿದಿಡಲು ಅದು ತೆರುವ ಬೆಲೆಯನ್ನೂ ನೋಡಬೇಕು. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಶೆಡ್ಡಿನ ಶಾಖ 35 ಡಿಗ್ರಿ ದಾಟಿದಾಗ ಅದು ರೆಕ್ಕೆ ಅಗಲಿಸಿ, ಕೊಕ್ಕು ತೆರೆದು ಏದುಸಿರು ಬಿಡುತ್ತದೆ. ರಕ್ತ ಕರುಳಿನ ಕಡೆಯಿಂದ ಚರ್ಮ, ಜುಟ್ಟು ಮತ್ತು ಉಸಿರಾಟದ ಅಂಗಗಳ ಕಡೆಗೆ ತಿರುಗುತ್ತದೆ. ಏದುಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗಿ ರಕ್ತದ ಕ್ಷಾರಗುಣ ಹೆಚ್ಚುತ್ತದೆ. ಮೇವು ತಗ್ಗುತ್ತದೆ, ಥೈರಾಯ್ಡ್ ಹಾರ್ಮೋನ್ ಇಳಿದು ಒಟ್ಟು ಚಯಾಪಚಯವೇ ನಿಧಾನವಾಗುತ್ತದೆ. ಔಷಧವನ್ನು ಹೀರಿಕೊಳ್ಳುವುದು ಇದೇ ಕರುಳು, ಒಡೆಯುವುದು ಇದೇ ಪಿತ್ತಜನಕಾಂಗ, ಹೊರಹಾಕುವುದು ಇದೇ ಮೂತ್ರಪಿಂಡ. ಇವೆಲ್ಲ ಬದಲಾದರೂ ಔಷಧದ ಲೆಕ್ಕ ಮಾತ್ರ ಬದಲಾಗದು ಎಂದು ನಂಬುವುದು ಕಷ್ಟ.

ಈ ಬದಲಾವಣೆ ಸಣ್ಣದಾಗಿದ್ದರೂ ಪರಿಣಾಮ ಸಣ್ಣದಾಗಬೇಕಿಲ್ಲ. ಔಷಧದ ಪ್ರಮಾಣ ಅರ್ಧಕ್ಕೆ ಇಳಿಯಲು ಬೇಕಾಗುವ ಕಾಲವನ್ನು ಅರ್ಧಾಯು ಎನ್ನುತ್ತೇವೆ. ಕೊನೆಯ ಡೋಸಿನ ಮಟ್ಟದಿಂದ ಸುರಕ್ಷಿತ ಮಿತಿಗೆ ಇಳಿಯಲು ಇಂತಿಷ್ಟು ಅರ್ಧಾಯುಗಳು ಕಳೆಯಬೇಕು. ಅರ್ಧಾಯು ಕಾಲು ಭಾಗ ಉದ್ದವಾದರೆ ಇಡೀ ಅವಧಿಯೇ ಕಾಲು ಭಾಗ ಉದ್ದವಾಗುತ್ತದೆ: 8 ದಿನ ಸಾಕಾಗಿದ್ದ ಕಡೆ 10 ದಿನ ಬೇಕಾಗುತ್ತದೆ. ಆ ಎರಡು ದಿನ ಲೇಬಲ್ ಮೇಲೆ ಎಲ್ಲೂ ಇಲ್ಲ.

ಇದಕ್ಕಿಂತ ಸ್ಪಷ್ಟವಾಗಿ ಕಣ್ಣಿಗೆ ಕಾಣುವುದು ನೀರಿನ ಸಂಗತಿ. ಬ್ರಾಯ್ಲರ್ ಶೆಡ್ಡಿನಲ್ಲಿ ಸಾವಿರಾರು ಹಕ್ಕಿಗಳಿಗೆ ಒಂದೊಂದಾಗಿ ಔಷಧ ಕುಡಿಸುವವರಿಲ್ಲ, ಟ್ಯಾಂಕಿಗೆ ಬೆರೆಸುತ್ತಾರೆ. ಎನ್ರೋಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್‌ನ ಶೇ 10ರ ದ್ರಾವಣವನ್ನು ಎರಡು ಲೀಟರ್ ನೀರಿಗೆ ಒಂದು ಮಿಲಿಲೀಟರಿನಂತೆ ಹಾಕುವುದು ವಾಡಿಕೆ, ಕೆ.ಜಿ. ತೂಕಕ್ಕೆ ದಿನಕ್ಕೆ 10 ಮಿಲಿಗ್ರಾಂ ಸಿಗಬೇಕೆಂಬುದು ಅದರ ಹಿಂದಿನ ಉದ್ದೇಶ. ಸರಾಸರಿ ಒಂದೂವರೆ ಕೆ.ಜಿ. ತೂಗುವ 5,000 ಹಕ್ಕಿಗಳಿವೆ, ಹಿತವಾದ ಹವೆಯಲ್ಲಿ ಒಂದೊಂದೂ ದಿನಕ್ಕೆ 300 ಮಿ.ಲೀ. ನೀರು ಕುಡಿಯುತ್ತದೆ ಎಂದಿಟ್ಟುಕೊಳ್ಳೋಣ. ಆಗ 1,500 ಲೀಟರ್ ನೀರು, 750 ಮಿ.ಲೀ. ದ್ರಾವಣ, 75 ಗ್ರಾಂ ಔಷಧ ಖರ್ಚಾಗಿ, ಲೆಕ್ಕ ಸರಿಯಾಗಿ 10 ಮಿಲಿಗ್ರಾಮಿಗೆ ಕೂಡಿಬರುತ್ತದೆ. ಏಪ್ರಿಲ್ ಬಂತು, ಹಕ್ಕಿ 500 ಮಿ.ಲೀ. ಕುಡಿಯತೊಡಗಿತು, ಅದೇ ಮುಚ್ಚಳದ ಅಳತೆಯಲ್ಲಿ ಬೆರೆಸಿದರೆ ಈಗ ಕೆ.ಜಿ. ತೂಕಕ್ಕೆ 16.7 ಮಿಲಿಗ್ರಾಂ ಹೋಗುತ್ತದೆ. ಜಡಿಮಳೆಯ ವಾರದಲ್ಲಿ 240 ಮಿ.ಲೀ.ಗೆ ಇಳಿದರೆ ಸಿಗುವುದು 8 ಮಾತ್ರ. ಒಂದೇ ಬಾಟಲಿ, ಒಂದೇ ಟ್ಯಾಂಕು, ಒಂದೇ ಕೈ. ಡೋಸು ಮಾತ್ರ ದುಪ್ಪಟ್ಟಿನಷ್ಟು ವ್ಯತ್ಯಾಸವಾಗಿರುತ್ತದೆ.

ಮಳೆಗಾಲಕ್ಕೆ ಅದರದೇ ತೊಂದರೆಗಳಿವೆ. ಹಾಸಿನ ಭತ್ತದ ಹೊಟ್ಟು ಒದ್ದೆಯಾದರೆ ಕಾಕ್ಸಿಡಿಯೋಸಿಸ್ ಎಂಬ ಪರಾವಲಂಬಿ ರೋಗ ಹರಡಿ ಕರುಳಿನ ಒಳಪದರ ಹಾಳಾಗುತ್ತದೆ. ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳ ಸರಿಯಾಗಿ ಒಣಗದೆ ಗೋದಾಮು ಸೇರಿದರೆ ಬೂಷ್ಟು ಹಿಡಿದು, ಅದರ ಅಫ್ಲಾಟಾಕ್ಸಿನ್ ವಿಷ ನೇರವಾಗಿ ಪಿತ್ತಜನಕಾಂಗಕ್ಕೆ ಏಟು ಕೊಡುತ್ತದೆ. ಔಷಧವನ್ನು ಒಡೆಯಬೇಕಾದ ಅಂಗವೇ ಸೋತಿರುವಾಗ ಲೇಬಲ್ಲಿನ ದಿನಗಳನ್ನು ನಂಬುವುದು ಹೇಗೆ?

ಲೇಬಲ್ಲಿನ ಸಂಖ್ಯೆ ಸಾಮಾನ್ಯವಾಗಿ ಬರುವುದು ಆರೋಗ್ಯವಂತ ಹಕ್ಕಿಗಳನ್ನು ಹಿತವಾದ ಉಷ್ಣಾಂಶದಲ್ಲಿ ಇಟ್ಟು ನಡೆಸಿದ ಪ್ರಯೋಗದಿಂದ. ನಮ್ಮ ಶೆಡ್ಡುಗಳಲ್ಲಿ ಔಷಧ ಕುಡಿಯುವುದು ಕಾಯಿಲೆಯ ಹಕ್ಕಿ, ಅದೂ ಬಿಸಿಲಿನ ಕೆಳಗೆ. ಎನ್ರೋಫ್ಲಾಕ್ಸಾಸಿನ್‌ನ ಒಂದು ಪಾಲು ಕೋಳಿಯ ದೇಹದಲ್ಲಿ ಸಿಪ್ರೊಫ್ಲಾಕ್ಸಾಸಿನ್ ಆಗಿ ಮಾರ್ಪಡುತ್ತದೆ, ಅದು ಮನುಷ್ಯರ ಔಷಧ. ಕೋಳಿಯಲ್ಲಿ ಈ ಔಷಧಕ್ಕೆ ಬಗ್ಗದ ಕ್ಯಾಂಪೈಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಬೆಳೆದು ಮನುಷ್ಯರಿಗೆ ದಾಟುತ್ತದೆ ಎಂಬ ಕಾರಣಕ್ಕೆ ಅಮೆರಿಕವು 2005ರಲ್ಲಿ ಕೋಳಿಗಳಿಗೆ ಎನ್ರೋಫ್ಲಾಕ್ಸಾಸಿನ್‌ನ ಅನುಮತಿಯನ್ನೇ ಹಿಂತೆಗೆದುಕೊಂಡಿತು. ಇಂಥ ಔಷಧಗಳನ್ನು ಇಲ್ಲಿ ಬಳಸುವುದಾದರೆ, 38-40 ಡಿಗ್ರಿಯ ಶೆಡ್ಡಿನಲ್ಲೂ ಒಂದು ಪ್ರಯೋಗ ನಡೆಸಿ, ಬೇಸಿಗೆಯ ಸಂಖ್ಯೆಯನ್ನು ಲೇಬಲ್ ಮೇಲೆ ಬೇರೆಯಾಗಿ ಮುದ್ರಿಸಬೇಕೆಂದು ತಯಾರಕರನ್ನು ಕೇಳುವುದು ಅತಿಯಾದ ಬೇಡಿಕೆಯಲ್ಲ.

ವಿರೋಧ: ಅವಧಿಯನ್ನು ಹಾಗೇ ಬಿಡಿ, ಅಳತೆಯನ್ನು ಸರಿಪಡಿಸಿ

ಮೇಲಿನ ವಾದದಲ್ಲಿ ಅತ್ಯಂತ ಬಲವಾದ ಭಾಗ ಯಾವುದೋ ಅದೇ ಆ ವಾದವನ್ನು ಕೆಡವುತ್ತದೆ. ನೀರಿನ ಲೆಕ್ಕ ಸರಿಯಾಗಿಯೇ ಇದೆ. ಆದರೆ ಡೋಸು 10ರಿಂದ 16.7ಕ್ಕೆ ಏರಿದರೆ ಎಷ್ಟು ಹೆಚ್ಚು ಕಾಲ ಕಾಯಬೇಕು? ಅರ್ಧಾಯುವಿನ ಲೆಕ್ಕವನ್ನೇ ಮುಂದುವರಿಸಿ ನೋಡಿ. ಡೋಸು ಪೂರ್ತಿ ಎರಡು ಪಟ್ಟಾದರೂ ಹೆಚ್ಚುವರಿಯಾಗಿ ಕಳೆಯಬೇಕಾದದ್ದು ಒಂದೇ ಒಂದು ಅರ್ಧಾಯು, 1.67 ಪಟ್ಟಾದರೆ ಸುಮಾರು ಮುಕ್ಕಾಲು. ಅರ್ಧಾಯು 12 ಗಂಟೆ ಎಂದು ಹಿಡಿದರೆ ಒಂಬತ್ತು ಗಂಟೆಯಾಯಿತು. ಬೇಸಿಗೆಯ ಅತಿಡೋಸು ಕಾಯುವಿಕೆಗೆ ಸೇರಿಸುವುದು ಒಂದು ರಾತ್ರಿಯಷ್ಟು ಕಾಲ. ಅದಕ್ಕಾಗಿ ದೇಶದ ಲೇಬಲ್ಲುಗಳನ್ನೆಲ್ಲ ಮೂರು ಋತುಗಳಿಗೆ ಮರುಮುದ್ರಿಸುವುದು ಮಂಡಿನೋವಿಗೆ ಮನೆ ಬದಲಾಯಿಸಿದಂತೆ.

ಅರ್ಧಾಯುವೇ ಉದ್ದವಾದರೆ ಎಂಬ ಪ್ರಶ್ನೆ ಉಳಿಯುತ್ತದೆ, ಅದು ಗಂಭೀರವಾದದ್ದೇ. ಆದರೆ ಶಾಖ ಎಲ್ಲ ಔಷಧಗಳನ್ನೂ ಒಂದೇ ದಿಕ್ಕಿಗೆ ಎಳೆಯುವುದಿಲ್ಲ. ಪಿತ್ತಜನಕಾಂಗ ಒಡೆಯಬೇಕಾದ ಔಷಧ ನಿಧಾನವಾಗಬಹುದು. ಮೂತ್ರದಲ್ಲಿ ಹೊರಹೋಗುವ ಔಷಧ, ಹಕ್ಕಿ ಬೇಸಿಗೆಯಲ್ಲಿ ಹೆಚ್ಚು ನೀರು ಕುಡಿದು ಹೆಚ್ಚು ಮೂತ್ರ ಬಿಡುವುದರಿಂದ, ಬೇಗ ಹೊರಹೋಗಲೂಬಹುದು. ಸೂರಿನ ಮೇಲಿನ ಕಪ್ಪು ಟ್ಯಾಂಕಿನೊಳಗೆ ಮಧ್ಯಾಹ್ನ ಕೈ ಅದ್ದಿದರೆ ನೀರು ಸ್ನಾನಕ್ಕೆ ಕಾಯಿಸಿಟ್ಟಂತೆ ಇರುತ್ತದೆ. ಆ ನೀರಿನಲ್ಲಿ ಅಮಾಕ್ಸಿಸಿಲಿನ್ ಬೆಳಗಿನಿಂದ ಸಂಜೆಯೊಳಗೆ ಸತ್ವ ಕಳೆದುಕೊಳ್ಳುತ್ತಿರುತ್ತದೆ, ಅಂದರೆ ಹಕ್ಕಿ ಹೆಚ್ಚು ನೀರು ಕುಡಿದೂ ಔಷಧ ಕಡಿಮೆ ಪಡೆದಿರಬಹುದು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಆಳದ ಕೊಳವೆಬಾವಿಗಳ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಟೆಟ್ರಾಸೈಕ್ಲಿನ್ ಗುಂಪಿನ ಔಷಧವನ್ನು ಹಿಡಿದಿಟ್ಟುಕೊಂಡು ಕರುಳಿಗೆ ಸಿಗದಂತೆ ಮಾಡುತ್ತವೆ. ಇದು ಋತುವಿಗಿಂತ ಊರಿನ ಗುಣ. ಇಷ್ಟೆಲ್ಲ ಎಳೆತಗಳ ನಡುವೆ ‘ಬೇಸಿಗೆಗೆ ಎರಡು ದಿನ ಸೇರಿಸಿ’ ಎಂಬ ಒಂದು ಸಾಲಿನ ನಿಯಮವನ್ನು ಯಾವ ಔಷಧಕ್ಕಾಗಿ, ಯಾವ ತಾಲ್ಲೂಕಿಗಾಗಿ ಬರೆಯುವುದು?

ಮೀನಿನ ಹೋಲಿಕೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೀನಿನ ಮೈ ನೀರಿನಷ್ಟೇ ತಣ್ಣಗೆ ಅಥವಾ ಬೆಚ್ಚಗೆ ಇರುತ್ತದೆ, ಆದ್ದರಿಂದ 10 ಮತ್ತು 25 ಡಿಗ್ರಿಗಳ ನಡುವೆ ಅದರ ಇಡೀ ಜೀವಕ್ರಿಯೆ ಬೇರೆಯೇ. ಕೋಳಿ ತನ್ನ 42 ಡಿಗ್ರಿಯನ್ನು ನಾಲ್ಕೈದು ಡಿಗ್ರಿ ಮೀರಿದರೆ ಸಾಯುತ್ತದೆ. ಸತ್ತ ಕೋಳಿಗೆ ನಿಲುಗಡೆ ಅವಧಿ ಇಲ್ಲ.

ಇನ್ನು, ನಿಲುಗಡೆ ಅವಧಿ ಎಂಬುದು ಸರಾಸರಿ ಹಕ್ಕಿಯ ಲೆಕ್ಕವಲ್ಲ ಎಂಬುದನ್ನು ಮರೆಯಬಾರದು. ಯುರೋಪಿನ ಪದ್ಧತಿಯಲ್ಲಿ ಶೇ 95ರಷ್ಟು ಹಕ್ಕಿಗಳಲ್ಲಿ ಔಷಧದ ಉಳಿಕೆಯು ಸುರಕ್ಷಿತ ಮಿತಿಗಿಂತ ಕೆಳಗಿಳಿದಿದೆ ಎಂದು ಶೇ 95ರ ಖಚಿತತೆಯಿಂದ ಹೇಳಬಹುದಾದ ದಿನವನ್ನು ಆರಿಸುತ್ತಾರೆ. ಅಮೆರಿಕದಲ್ಲಿ ಅದು ಶೇ 99ರಷ್ಟು ಪ್ರಾಣಿಗಳಿಗೆ ಅನ್ವಯಿಸುವ ಲೆಕ್ಕ. ನಿಧಾನವಾಗಿ ಔಷಧ ಬಿಡುವ ಹಕ್ಕಿಗಳಿಗೆ ಅದರಲ್ಲಿ ಮೊದಲೇ ಜಾಗ ಬಿಟ್ಟಿರುತ್ತದೆ. ಬಿಸಿಲಿಗೆ ಸೋತ ಹಕ್ಕಿಗಳು ಬಹುಪಾಲು ಆ ಜಾಗದೊಳಗೇ ಬೀಳುತ್ತವೆ ಎಂಬುದು ನನ್ನ ಅಂದಾಜು. ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ಪಿತ್ತಜನಕಾಂಗ ಕೆಟ್ಟ ಹಕ್ಕಿಗಳು ಹಾಗೆ ಬೀಳದಿರಬಹುದು, ಆದರೆ ಅಲ್ಲಿ ಬದಲಿಸಬೇಕಾದದ್ದು ಮೇವು, ಕ್ಯಾಲೆಂಡರ್ ಅಲ್ಲ.

ಕ್ಯಾಲೆಂಡರ್ ಎಂದಾಗ ಇನ್ನೊಂದು ತೊಡಕು ಎದುರಾಗುತ್ತದೆ. ಬೆಂಗಳೂರು ಗ್ರಾಮಾಂತರದಲ್ಲಿ ಫೆಬ್ರುವರಿಯ ಹಗಲು 32 ಡಿಗ್ರಿ, ರಾತ್ರಿ 17. ಇದನ್ನು ಯಾವ ಋತು ಎನ್ನಬೇಕು? ಪಕ್ಕದ ಜಮೀನಿನಲ್ಲೇ ನೀರು ಹರಿಸುವ ಪ್ಯಾಡುಗಳೂ ದೊಡ್ಡ ಫ್ಯಾನುಗಳೂ ಇರುವ ‘ಇ.ಸಿ. ಶೆಡ್’ (ಒಳಗಿನ ಹವೆಯನ್ನು ನಿಯಂತ್ರಿಸುವ ಶೆಡ್) ಇದ್ದರೆ, ಅದರೊಳಗೆ ಬೇಸಿಗೆ ಬರುವುದು ಕರೆಂಟ್ ಹೋಗಿ ಜನರೇಟರ್ ಕೈಕೊಟ್ಟಾಗ ಮಾತ್ರ. ಅದಕ್ಕಿಂತ ಅಪಾಯದ ಮಾತೆಂದರೆ, ಬೇಸಿಗೆಗೆ ಉದ್ದ ಅವಧಿ ಬರೆದ ಲೇಬಲ್ ಚಳಿಗಾಲಕ್ಕೆ ಗಿಡ್ಡ ಅವಧಿಯನ್ನು ಬರೆದೇ ಬರೆಯುತ್ತದೆ. ಆಮೇಲೆ ವರ್ಷಪೂರ್ತಿ ಓದಲ್ಪಡುವುದು ಆ ಗಿಡ್ಡ ಸಾಲೇ.

ನಿಜವಾದ ಸಮಸ್ಯೆ ಅವಧಿಯ ಉದ್ದದ್ದಲ್ಲ, ಪಾಲನೆಯದ್ದು. ಬ್ರಾಯ್ಲರ್ ಕೋಳಿಯ ಒಟ್ಟು ಆಯಸ್ಸು 35ರಿಂದ 42 ದಿನ. ಪರೀಕ್ಷಿತ ಅವಧಿಯಿಲ್ಲದ ಔಷಧಕ್ಕೆ ಕಾನೂನು ಹೇಳುವ 28 ದಿನವನ್ನು ಅಕ್ಷರಶಃ ಪಾಲಿಸಿದರೆ 40 ದಿನದ ಹಕ್ಕಿಗೆ 12ನೇ ದಿನದ ನಂತರ ಅಂಥ ಔಷಧವನ್ನು ಮುಟ್ಟಿಸುವಂತೆಯೇ ಇಲ್ಲ. ಇದಕ್ಕಿಂತ ಕಠಿಣವಾದ ಬೇಸಿಗೆ ನಿಯಮವನ್ನು ಯಾರೂ ಬರೆಯಲಾರರು. ಹಾಗಿದ್ದೂ ವಿಜ್ಞಾನ ಮತ್ತು ಪರಿಸರ ಕೇಂದ್ರ 2014ರಲ್ಲಿ ದೆಹಲಿ ಮತ್ತು ಸುತ್ತಲಿನ ಪ್ರದೇಶದಿಂದ ತಂದು ಪರೀಕ್ಷಿಸಿದ 70 ಕೋಳಿಮಾಂಸದ ಮಾದರಿಗಳಲ್ಲಿ ಶೇ 40ರಷ್ಟರಲ್ಲಿ ಆ್ಯಂಟಿಬಯಾಟಿಕ್ ಉಳಿಕೆ ಕಂಡುಬಂತು. ಉಳಿಕೆ ಕಂಡ ಮಾತ್ರಕ್ಕೆ ಮಿತಿ ಮೀರಿತ್ತು ಎಂದಲ್ಲ; ಆದರೂ ಆ ಪ್ರಮಾಣ ಬಿಸಿಲಿನ ಕಡೆಗಿಂತ ಮನುಷ್ಯರ ಅಭ್ಯಾಸದ ಕಡೆಗೆ ಬೆರಳು ತೋರಿಸುತ್ತದೆ. ಒಪ್ಪಂದದ ಸಾಕಣೆಯಲ್ಲಿ ಮರಿ, ಮೇವು, ಔಷಧ ಎಲ್ಲವೂ ಕಂಪನಿಯದ್ದು. ಯಾವ ದಿನ ‘ಲಿಫ್ಟಿಂಗ್’, ಅಂದರೆ ಹಕ್ಕಿಗಳನ್ನು ಮಾರಾಟಕ್ಕೆ ಎತ್ತುವುದು, ಎಂಬುದನ್ನು ತೀರ್ಮಾನಿಸುವುದು ಮಾರುಕಟ್ಟೆಯ ದರ. ಬೇಸಿಗೆಯಲ್ಲಿ ಸಾವು ಶುರುವಾದರೆ ದಿನ ತುಂಬುವ ಮೊದಲೇ ಲಾರಿ ಬಂದು ನಿಲ್ಲುತ್ತದೆ. ನಿನ್ನೆಯವರೆಗೆ ಔಷಧ ಕುಡಿದ ಹಕ್ಕಿ ಇಂದು ರಾತ್ರಿ ಕ್ರೇಟಿನೊಳಗೆ ಕುಳಿತಿರುವಾಗ, ಅದರ ಲೇಬಲ್ಲಿನಲ್ಲಿ 8 ದಿನ ಎಂದಿತ್ತೋ 10 ದಿನ ಎಂದಿತ್ತೋ ಎಂಬ ಚರ್ಚೆಗೆ ಅರ್ಥವಿಲ್ಲ. ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ ವಿಷಯದಲ್ಲಿ ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ಮಾಡಿದ್ದು ಸರಳವಾದ ಕೆಲಸ: ಆಹಾರದ ಪ್ರಾಣಿಗಳಿಗೆ ಅದರ ತಯಾರಿಕೆ, ಮಾರಾಟ, ವಿತರಣೆ ಎಲ್ಲವನ್ನೂ ನಿಷೇಧಿಸಿತು. ಅಂಗಡಿಯವನಿಗೂ ಅರ್ಥವಾಗುವ ನಿಯಮ ಅದು.

ಬೇಸಿಗೆಯಲ್ಲಿ ಬಳಕೆಯಾಗುವ ಆ್ಯಂಟಿಬಯಾಟಿಕ್‌ನಲ್ಲಿ ಒಂದು ಪಾಲು ಬೇಕಾಗಿಯೇ ಇರುವುದಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಹಕ್ಕಿಗಳು ಕತ್ತು ಚಾಚಿ ಬೀಳತೊಡಗಿದಾಗ ಗಾಬರಿಯಲ್ಲಿ ಬಾಟಲಿ ತೆರೆಯುತ್ತಾರೆ. ಬಿಸಿಲ ಹೊಡೆತಕ್ಕೆ ಯಾವ ಆ್ಯಂಟಿಬಯಾಟಿಕ್ಕೂ ಮದ್ದಲ್ಲ. ಅಲ್ಲಿ ಬೇಕಾದದ್ದು ಒದ್ದೆ ಗೋಣಿಪರದೆ, ಮಂಜಿನಂತೆ ನೀರು ಚಿಮುಕಿಸುವ ಫಾಗರ್, ಸೂರಿನ ಮೇಲೆ ತೆಂಗಿನ ಗರಿ, ತಣ್ಣನೆಯ ನೀರು. ನಿಜವಾಗಿ ಸೋಂಕು ಇದ್ದಾಗ ಲೀಟರ್ ಲೆಕ್ಕ ಬಿಟ್ಟು ತೂಕದ ಲೆಕ್ಕ ಹಿಡಿಯಬೇಕು: ಶೆಡ್ಡಿನ ಬೇರೆ ಬೇರೆ ಮೂಲೆಗಳಿಂದ ಐವತ್ತು ಹಕ್ಕಿ ಹಿಡಿದು ತೂಗಿ, ಒಟ್ಟು ತೂಕಕ್ಕೆ ಬೇಕಾದ (ಮೇಲಿನ ಉದಾಹರಣೆಯಲ್ಲಾದರೆ 75 ಗ್ರಾಂ) ಔಷಧವನ್ನು ಮೊದಲು ತೆಗೆದಿಟ್ಟುಕೊಂಡು, ಆ ದಿನ ಹಕ್ಕಿಗಳು ಕುಡಿಯುವಷ್ಟು ನೀರಿಗೆ, ಅದು 1,200 ಲೀಟರಿರಲಿ 2,500 ಇರಲಿ, ಅಷ್ಟನ್ನೇ ಹಂಚಿ ಬೆರೆಸುವುದು. ಇದಕ್ಕೆ ಬೇಕಾದದ್ದು ಒಂದು ತಕ್ಕಡಿ ಮತ್ತು ಟ್ಯಾಂಕಿನ ಪೈಪಿಗೆ ಕೂಡಿಸಿದ ಒಂದು ನೀರಿನ ಮೀಟರ್.